ಅಡಿಗೆಯ ಮನೆಯ ಜೀರ್ಣೋದ್ಧಾರ

ಶಿಥಿಲವಾದ ದೇವಾಲಯವನ್ನು ಪುನಃ ಎತ್ತಿ ಕಟ್ಟುವುದಕ್ಕೆ ಜೀರ್ಣೋದ್ಧಾರವೆಂದು ಹೆಸರು. ಅದು ಮಹತ್ತಾದ ಪುಣ್ಯಕಾರ್ಯವೆಂದು ಲೋಕವು ಎಣಿಸುತ್ತದೆ. ಅದಕ್ಕಾಗಿ ದ್ರವ್ಯವನ್ನು ಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವುದೂ ಉಂಟು. ಆದರೆ ಒಬ್ಬ ಗೃಹಸ್ಥನು ತನ್ನ ಅಡಿಗೆಯ ಮನೆಯನ್ನು ಕೆಡವಿ ಹೊಸದಾಗಿ ಕಟ್ಟಿಸಿದರೆ ಅದನ್ನು ಯಾರೂ ಧರ್ಮಕಾರ್ಯವೆಂದು ಭಾವಿಸುವುದಿಲ್ಲ. ಅದು ಸೌಕರ್ಯದ ಮಾತು, ಕಲ್ಲು-ಸಿಮೆಂಟಿನ ಮಾತು, ಖರ್ಚಿನ ಮಾತು ಎಂದು ಬಿಟ್ಟುಬಿಡುತ್ತಾರೆ. ಶರಣಮಾರ್ಗದಲ್ಲಿ ನಡೆಯಬಯಸುವವರಿಗೆ ಈ ಎಣಿಕೆ ಒಪ್ಪುವಂಥದಲ್ಲ. ಕರಸ್ಥಲದಲ್ಲಿ ಇಷ್ಟಲಿಂಗವನ್ನು ಧರಿಸಿದವನಿಗೆ ಧರ್ಮವನ್ನು ಅರಸಲು ಮನೆಯ ಹೊರಗೆ ಹೋಗುವ ಅಗತ್ಯವಿಲ್ಲ. ಅವನ ಧರ್ಮವು ಮನೆಯೊಳಗೆ, ಅದರಲ್ಲಿಯೂ ಒಲೆಯ ಮುಂದೆ, ಪ್ರತಿದಿನವೂ ಪರೀಕ್ಷೆಗೆ ಒಳಗಾಗುತ್ತಿರುತ್ತದೆ.

ಒಲೆಯ ಮೇಲಿರುವಾಗ ಅನ್ನವು ಪದಾರ್ಥ. ಲಿಂಗಕ್ಕೆ ಅರ್ಪಿತವಾದ ಮೇಲೆ ಅದೇ ಅನ್ನವು ಪ್ರಸಾದ. ಪದಾರ್ಥವು ಪ್ರಸಾದವಾಗುವ ದಾರಿ ಆರಂಭವಾಗುವುದು ಅಡಿಗೆಯ ಮನೆಯಲ್ಲಿಯೇ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಭತ್ತವನ್ನು ಕುಟ್ಟುವ ಕಾಯಕದ ಕೊಟ್ಟಣದ ಸೋಮಮ್ಮನೂ, ಅಂಗಳವನ್ನು ಗುಡಿಸುವ ಕಾಯಕದ ಸತ್ಯಕ್ಕನೂ, ಅಕ್ಕಿಯನ್ನು ಆಯ್ದು ತರುವ ಮಾರಯ್ಯನ ಪತ್ನಿ ಲಕ್ಕಮ್ಮನೂ ವಚನಕಾರ್ತಿಯರಾದರು. ಒರಳು, ಪೊರಕೆ, ಮೊರಗಳನ್ನು ಹಿಡಿದ ಕೈಗಳೇ ಅನುಭಾವದ ಮಾತುಗಳನ್ನು ನುಡಿದವು. ಹೀಗಿರುವಲ್ಲಿ ಅಡಿಗೆಯ ಮನೆಯನ್ನು ಪೂಜೆಯ ಕೋಣೆಯಿಂದ ಬೇರೆಯಾದುದೆಂದು ತಿಳಿಯುವುದು ಹೇಗೆ?

ಪಂಚಾಚಾರಗಳಲ್ಲಿ ಮೂರು ಆಚಾರಗಳಾದರೂ ಅಡಿಗೆಯ ಮನೆಯಲ್ಲಿ ಪ್ರತ್ಯಕ್ಷವಾಗಿ ಕಾಣುತ್ತವೆ. ಅನ್ನವು ಎಲ್ಲಿಂದ ಬಂದಿತು, ಎಷ್ಟು ಬಂದಿತು ಎಂಬುದು ಸದಾಚಾರದ ಪ್ರಶ್ನೆ. ಯಾರು ಯಾರಿಗೆ ಸೇವೆ ಸಲ್ಲಿಸುತ್ತಾರೆ ಎಂಬುದು ಭೃತ್ಯಾಚಾರದ ಪ್ರಶ್ನೆ. ಯಾರ ಜೊತೆಯಲ್ಲಿ ಕುಳಿತು ಉಣ್ಣುತ್ತಾರೆ ಎಂಬುದು ಶಿವಾಚಾರದ ಪ್ರಶ್ನೆ. ಈ ಮೂರನ್ನೂ ಒಂದು ದೃಷ್ಟಾಂತದಿಂದ ವಿಚಾರಿಸಬಹುದು.

ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಚಾಂಪಿಯನ್ ರೀಫ್ಸ್ ಪ್ರಸಿದ್ಧವಾದ ಸ್ಥಳ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಆಂಗ್ಲ ಸಂಸ್ಥೆಯು ಈ ಪ್ರದೇಶದಲ್ಲಿ ಗಣಿಗಾರಿಕೆಯನ್ನು ಕೈಗೊಂಡಿತು. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುತ್ತು ಈ ಗಣಿಗಳಿಗೆ ಹರಿದುಬಂದಿತು. ಬೇತಮಂಗಲದಿಂದ ನೀರು ಕೊಳವೆಗಳಲ್ಲಿ ಬಂದಿತು. ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಮುಂತಾದ ಕಡೆಗಳಿಂದ ಬಡವರು ಹೊಟ್ಟೆಯ ಪಾಡಿಗೆ ಇಲ್ಲಿಗೆ ಬಂದರು. ಅವರಲ್ಲಿ ಬಹುಮಂದಿ ಊರಿನ ಹೊರಗೆ ಇರಿಸಲ್ಪಟ್ಟಿದ್ದ ಜಾತಿಗಳವರು. ಬಿದಿರಿನ ತಟ್ಟಿಯ ಗುಡಿಸಲುಗಳಲ್ಲಿಯೂ, ಆಮೇಲೆ ಲೈನುಗಳ ಕಿರುಮನೆಗಳಲ್ಲಿಯೂ ಅವರು ವಾಸಮಾಡಿದರು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರುಗಳನ್ನೂ ಮೀರಿತು. ಪ್ರಪಂಚದ ಅತ್ಯಂತ ಆಳವಾದ ಗಣಿಗಳಲ್ಲಿ ಅದೂ ಒಂದೆನಿಸಿತು. ಅಷ್ಟು ಆಳದಲ್ಲಿ ಬಂಡೆಯೇ ಸುಡುವಷ್ಟು ಬಿಸಿಯಾಗಿರುತ್ತಿತ್ತು. ಒತ್ತಡ ತಾಳಲಾರದೆ ಬಂಡೆ ಸಿಡಿಯುವುದಕ್ಕೆ ಅಲ್ಲಿಯ ಜನರು ಏರ್‌ಬ್ಲಾಸ್ಟ್ ಎನ್ನುತ್ತಿದ್ದರು. ಆಗ ಮೇಲಿನ ಮನೆಗಳು ನಡುಗುತ್ತಿದ್ದವು. ಅಡಿಗೆಯ ಮನೆಯ ಪಾತ್ರೆಗಳು ತಾವಾಗಿಯೇ ಸದ್ದುಮಾಡುತ್ತಿದ್ದವು. ಗಣಿಗೆ ಇಳಿದವರ ಮನೆಯ ಹೆಂಗಸರಿಗೆ ಆ ಸದ್ದಿಗಿಂತ ಭಯಂಕರವಾದ ಸದ್ದು ಬೇರೊಂದಿರಲಿಲ್ಲ.

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೆ ಬಂದವು. ಅನಂತರ ಕೇಂದ್ರ ಸರ್ಕಾರಕ್ಕೆ ಸೇರಿದವು. 2001ರ ಫೆಬ್ರವರಿ 28ರಂದು ಗಣಿಗಾರಿಕೆ ನಿಂತಿತು. ಈಗ ಉಳಿದಿರುವುದು ಅದಿರನ್ನು ಅರೆದು ಚಿನ್ನವನ್ನು ತೆಗೆದ ಮೇಲೆ ಸುರಿದ ಪುಡಿಯ ದಿಬ್ಬಗಳು. ಸೈನೈಡ್ ದಿಬ್ಬಗಳೆಂದು ಅವುಗಳನ್ನು ಕರೆಯುತ್ತಾರೆ. ಗಾಳಿ ಎದ್ದ ದಿನ ಅವುಗಳ ಧೂಳು ಮನೆಮನೆಗೂ ಬರುತ್ತದೆ. ಗಣಿಗೆ ಇಳಿದವರ ಮಕ್ಕಳು ಮೊಮ್ಮಕ್ಕಳಲ್ಲಿ ಸಾವಿರಾರು ಮಂದಿ ನಸುಕಿನ ರೈಲನ್ನು ಹತ್ತಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಕೆಲವರು ಊರಿನಲ್ಲಿಯೇ ಗಾರೆಯ ಕೆಲಸವನ್ನು ಹಿಡಿದಿದ್ದಾರೆ.

ಇಂತಹ ಊರಿನಲ್ಲಿ ವಾಸಿಸುವ ಒಬ್ಬ ನಿವೃತ್ತ ಉಪಾಧ್ಯಾಯರನ್ನೂ ಅವರ ಧರ್ಮಪತ್ನಿಯನ್ನೂ ಭಾವಿಸಿಕೊಳ್ಳಬಹುದು. ಅವರಿಗೆ ಹೆಸರು ಕೊಡಬೇಕಾದುದಿಲ್ಲ. ಅಂಥವರು ಎಲ್ಲ ಊರುಗಳಲ್ಲಿಯೂ ಇರುತ್ತಾರೆ. ಮಕ್ಕಳು ದೂರದಲ್ಲಿದ್ದಾರೆ. ನಿವೃತ್ತಿವೇತನವು ತಿಂಗಳಿಗೆ ತಪ್ಪದೆ ಬರುತ್ತದೆ. ತ್ರಿಕಾಲ ಲಿಂಗಪೂಜೆ ನಡೆಯುತ್ತದೆ. ಸೋಮವಾರ ವಚನಪಾರಾಯಣ ಉಂಟು. ಅಡಿಗೆಯ ಮನೆ ಮಾತ್ರ ಹಳೆಯದು. ಹಿಂದಿನ ಸೌದೆಯ ಒಲೆಯ ಹೊಗೆಯಿಂದ ಗೋಡೆ ಕಪ್ಪಾಗಿದೆ. ಗಾರೆಯ ನೆಲದಲ್ಲಿ ಕುಳಿ ಬಿದ್ದಿದೆ. ತಗಡಿನ ಮಾಡು ಮಳೆಗೆ ಸೋರುತ್ತದೆ. ಪಾತ್ರೆ ತೊಳೆಯುವ ಬಚ್ಚಲು ತಗ್ಗಿನಲ್ಲಿರುವುದರಿಂದ ಆ ತಾಯಿ ಮಂಡಿಯ ನೋವಿನಲ್ಲಿಯೂ ಕುಕ್ಕರುಗಾಲಿನಲ್ಲಿ ಕುಳಿತು ತೊಳೆಯಬೇಕು. ಮಗನು ಹಣ ಕಳುಹಿಸಿ ಅಡಿಗೆಯ ಮನೆಯನ್ನು ಸರಿಮಾಡಿಸಬೇಕೆಂದು ಒತ್ತಾಯಪಡಿಸಿದನು. ಮೇಸ್ತ್ರಿಯೊಬ್ಬನೂ ಇಬ್ಬರು ಕೈಯಾಳುಗಳೂ ಬಂದು ಕೆಲಸಕ್ಕೆ ತೊಡಗಿದರು. ಹದಿನೈದು ದಿವಸಗಳಲ್ಲಿ ಮುಗಿಯಬೇಕಾದ ಕೆಲಸವು ಎರಡು ತಿಂಗಳು ಹಿಡಿಯಿತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮನೆ ಕಟ್ಟಿಸಿದವರೆಲ್ಲರೂ ಇದನ್ನು ಬಲ್ಲರು.

ಆ ಎರಡು ತಿಂಗಳಲ್ಲಿ ಮನೆಯ ದಿನಚರಿಯೇ ಬದಲಾಯಿತು. ಗ್ಯಾಸಿನ ಒಲೆ ಜಗಲಿಗೆ ಬಂದಿತು. ಪಾತ್ರೆಗಳೆಲ್ಲವೂ ನಡುಮನೆಯಲ್ಲಿ ರಾಶಿಯಾದವು. ಪೂಜೆಯ ಮಣೆಗೆ ಕಿಟಕಿಯ ಪಕ್ಕದ ಮೂಲೆಯೊಂದೇ ಗತಿಯಾಯಿತು. ವಿಭೂತಿಯ ಗಟ್ಟಿಯ ಮೇಲೂ ಸಿಮೆಂಟಿನ ಧೂಳು. ಅಕ್ಕಿ ಒಂದು ಕಡೆ, ಬೇಳೆ ಒಂದು ಕಡೆ, ಉಪ್ಪು ಎಲ್ಲಿದೆಯೋ ತಿಳಿಯದು. ಬಚ್ಚಲನ್ನು ಒಡೆದುದರಿಂದ ಹಿತ್ತಲಿನ ನಲ್ಲಿಯಿಂದ ನೀರು ಹೊತ್ತು ತಂದು ಪಾತ್ರೆ ತೊಳೆಯಬೇಕು. ಪತ್ನಿಗೆ ಅದು ಸಾಧ್ಯವಿಲ್ಲದ ಕಾರಣ ಆ ಕೆಲಸವು ಮೇಷ್ಟರ ಪಾಲಿಗೆ ಬಂದಿತು.

ಮೊದಲ ದಿವಸ ಅವರು ಅದನ್ನು ಉಪಕಾರವೆಂದು ಮಾಡಿದರು. ವಾರ ಕಳೆಯುವಷ್ಟರಲ್ಲಿ ಅವರಿಗೆ ಒಂದು ಲೆಕ್ಕ ತಿಳಿಯಿತು. ಬೆಳಗಿನ ಪಾತ್ರೆ ತೊಳೆದು ಮುಗಿಯುವುದರೊಳಗೆ ಮಧ್ಯಾಹ್ನದ ಪಾತ್ರೆ. ಅದು ಮುಗಿಯುವುದರೊಳಗೆ ರಾತ್ರಿಯದು. ಈ ಕೆಲಸಕ್ಕೆ ರಜೆಯಿಲ್ಲ, ಬಡ್ತಿಯಿಲ್ಲ, ಬೀಳ್ಕೊಡುಗೆಯ ಸಭೆಯೂ ಇಲ್ಲ. ಅರವತ್ತು ವರ್ಷವಾದಾಗ ತಮಗೆ ಹಾರ ಹಾಕಿ ನಿವೃತ್ತಿ ಕೊಟ್ಟರು. ಪತ್ನಿಗೆ ನಿವೃತ್ತಿಯೆಂಬುದು ಯಾವ ದಿವಸವೂ ಬರಲಿಲ್ಲ. ಇಬ್ಬರಿಗೂ ವಯಸ್ಸಾಯಿತು, ಒಬ್ಬರಿಗೆ ಮಾತ್ರ ವಿಶ್ರಾಂತಿ ದೊರೆಯಿತು. ಜೇಡರ ದಾಸಿಮಯ್ಯನೂ ದುಗ್ಗಳೆಯೂ ನಡೆಸಿದ ದಾಂಪತ್ಯವನ್ನು ಶರಣರು ಆದರ್ಶವೆಂದು ಕೊಂಡಾಡಿದರು. ಸತಿಪತಿಗಳ ಭಕ್ತಿ ಒಂದಾಗಬೇಕೆಂದು ಉಪನ್ಯಾಸಗಳಲ್ಲಿ ಹೇಳುವುದು ಸುಲಭ. ಭಕ್ತಿ ಒಂದಾಗುವುದಾದರೆ ಭಾರವೂ ಒಂದಾಗಬೇಡವೇ? ಗುರುಲಿಂಗಜಂಗಮರಿಗೆ ಭೃತ್ಯನೆಂದು ಹೇಳಿಕೊಳ್ಳುವವನು ತನ್ನ ಮನೆಯಲ್ಲಿ ಒಡೆಯನಾಗಿಯೇ ಕುಳಿತಿದ್ದರೆ ಆ ಭೃತ್ಯಾಚಾರವು ಬಾಯಿಯ ಮಾತಾಗಿ ಉಳಿಯುತ್ತದೆ. ಅಡಿಗೆಯ ಮನೆ ಮುರಿದುದರಿಂದ ಮೇಷ್ಟರಿಗೆ ದೊರೆತ ಮೊದಲನೆಯ ಲಾಭ ಈ ಅರಿವು.

ಎರಡನೆಯದು ಅಟ್ಟವನ್ನು ಬರಿದುಮಾಡಿದಾಗ ದೊರೆಯಿತು. ಮದುವೆಗೆ ಬಂದ ಕೊಳಗಗಳು, ಗೃಹಪ್ರವೇಶಕ್ಕೆ ಬಂದ ತಟ್ಟೆಗಳು, ಹಬ್ಬಕ್ಕೆ ಕೊಂಡ ಡಬ್ಬಗಳು, ಒಂದು ದಿನವೂ ಒಲೆಯನ್ನು ಕಾಣದ ಪಾತ್ರೆಗಳು ಒಂದೊಂದಾಗಿ ಇಳಿದವು. ಇಬ್ಬರು ವೃದ್ಧರು ಉಣ್ಣುವ ಮನೆಯಲ್ಲಿ ಐವತ್ತು ಮಂದಿಗೆ ಸಾಲುವಷ್ಟು ಲೋಹವು ಧೂಳು ಹಿಡಿದು ಕುಳಿತಿತ್ತು. ಆಯ್ದಕ್ಕಿ ಮಾರಯ್ಯನ ಕಥೆಯನ್ನು ಅರಿಯದ ಭಕ್ತರಿಲ್ಲ. ಒಂದು ದಿವಸ ಆತನು ಬಸವಣ್ಣನವರ ಅಂಗಳದಿಂದ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದನು. ಲಕ್ಕಮ್ಮನು ಸಂತೋಷಪಡಲಿಲ್ಲ. ಅಂದಿನ ದಾಸೋಹಕ್ಕೆ ಬೇಕಾದಷ್ಟಕ್ಕಿಂತ ಹೆಚ್ಚಿನದು ಆಸೆಯ ಗುರುತೆಂದು ಅವಳು ಎಚ್ಚರಿಸಿ, ಹೆಚ್ಚಿನ ಅಕ್ಕಿಯನ್ನು ಅದು ಬಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಬಡತನವಿದ್ದ ಮನೆಯಲ್ಲಿ ಈ ಮಾತನ್ನು ಆಡುವುದಕ್ಕೆ ಎಂತಹ ಧೈರ್ಯ ಬೇಕು! ದುಡಿದು ತಂದುದೆಲ್ಲವೂ ಸದಾಚಾರವಾಗುವುದಿಲ್ಲ. ಸಾಕೆಂಬುದನ್ನು ಅರಿತಾಗ ಮಾತ್ರ ಆಗುತ್ತದೆ. ಆ ದಂಪತಿಗಳು ದೊಡ್ಡ ಪಾತ್ರೆಗಳನ್ನೆಲ್ಲ ದಾಸೋಹ ನಡೆಯುವ ಮಠವೊಂದಕ್ಕೆ ಕೊಟ್ಟುಬಿಟ್ಟರು. ಮೇಸ್ತ್ರಿಯ ಕೂಲಿಯನ್ನು ಒಂದು ದಿವಸವೂ ತಡೆಹಿಡಿಯದೆ ಶನಿವಾರ ಸಂಜೆಗೆ ಎಣಿಸಿ ಕೊಡುತ್ತ ಬಂದರು. ಇಲ್ಲಿಯವರೆಗೆ ಎಲ್ಲವೂ ಸರಾಗವಾಗಿಯೇ ನಡೆಯಿತು.

ಕಷ್ಟವಾದುದು ಮೂರನೆಯದು.

ಹಳೆಯ ಅಡಿಗೆಯ ಮನೆಯ ಹಿಂಬಾಗಿಲ ಪಕ್ಕದಲ್ಲಿ, ಗೋಡೆಯ ಹೊರಮೈಗೆ, ಒಂದು ಸಣ್ಣ ಗೂಡು ಇದ್ದಿತು. ಅದರಲ್ಲಿ ಎರಡು ಲೋಟಗಳೂ ಒಂದು ತಟ್ಟೆಯೂ ಇರುತ್ತಿದ್ದವು. ಅವು ಮನೆಯವರಿಗಲ್ಲ, ನೆಂಟರಿಗೂ ಅಲ್ಲ. ಹಿತ್ತಲಿನ ಕೆಲಸಕ್ಕೆ, ಸೌದೆ ಒಡೆಯುವುದಕ್ಕೆ, ಚರಂಡಿ ತೆಗೆಯುವುದಕ್ಕೆ ಬಂದವರಿಗೆ. ಅವರು ಆ ಲೋಟವನ್ನು ತಾವೇ ತೆಗೆದುಕೊಂಡು, ಕುಡಿದು, ತಾವೇ ತೊಳೆದು ಮತ್ತೆ ಅಲ್ಲಿಯೇ ಇಡುವುದು ರೂಢಿ. ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೇಸ್ತ್ರಿಯೂ ಮೊದಲ ದಿವಸ ಬಾಯಾರಿದಾಗ ಯಾರನ್ನೂ ಕೇಳದೆ ನೇರವಾಗಿ ಆ ಗೂಡಿಗೆ ಕೈ ಹಾಕಿದನು. ಅವನ ತಂದೆ ಗಣಿಯಲ್ಲಿ ಬಂಡೆ ಕೊರೆದವನು. ಅವನು ಬಾಲ್ಯದಲ್ಲಿ ಮೇಷ್ಟರ ತರಗತಿಯಲ್ಲಿ ಓದಿದವನು. ಬಸವಜಯಂತಿಯ ದಿವಸ ಮೇಷ್ಟರು ಅವನಿಂದ ವಚನವನ್ನು ಬಾಯಿಪಾಠ ಹೇಳಿಸಿ, ಉಚ್ಚಾರಣೆ ಶುದ್ಧವಾಗಿದೆಯೆಂದು ಬೆನ್ನು ತಟ್ಟಿದ್ದರು.

ಗೋಡೆಯನ್ನು ಕೆಡವುವ ಮುನ್ನ ಅವನು ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದು, ಒಲೆಯ ಕಟ್ಟೆ ಇಲ್ಲಿ, ತೊಟ್ಟಿ ಇಲ್ಲಿ, ಕಡಪದ ಕಲ್ಲಿನ ಹಲಗೆಗಳು ಇಲ್ಲಿ ಎಂದು ತೋರಿಸಿದನು. ಕೊನೆಗೆ ಕೇಳಿದನು: "ಮೇಷ್ಟ್ರೇ, ಹಿಂಬಾಗಿಲ ಗೂಡು ಇರಲೋ, ಮುಚ್ಚಿಬಿಡಲೋ?"

ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಆಕ್ಷೇಪವೂ ಇರಲಿಲ್ಲ. ತೊಟ್ಟಿಯ ಅಳತೆಯನ್ನು ಕೇಳಿದಂತೆಯೇ ಇದನ್ನೂ ಕೇಳಿದನು. ಮೇಷ್ಟರಿಗೆ ಉತ್ತರ ಹೊರಡಲಿಲ್ಲ. "ಆಮೇಲೆ ಹೇಳುತ್ತೇನೆ" ಎಂದರು.

ಆ ರಾತ್ರಿ ಪತ್ನಿಯೇ ಮಾತನ್ನೆತ್ತಿದರು. "ಗೂಡಿನ ವಿಷಯ ಕೇಳಿದನಲ್ಲ, ಏನು ಹೇಳುತ್ತೀರಿ?"

"ಅದು ನಮ್ಮ ಅಮ್ಮ ಇಡಿಸಿದ್ದು. ಅವರ ಕಾಲದಿಂದಲೂ ಇದೆ."

"ಅತ್ತೆಯವರು ಲಿಂಗೈಕ್ಯರಾಗಿ ಇಪ್ಪತ್ತು ವರ್ಷವಾಯಿತು. ಆಮೇಲೆ ಇಟ್ಟುಕೊಂಡವರು ನಾವೇ ಅಲ್ಲವೇ?"

ಮೇಷ್ಟರು ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ಆಕೆ ಇನ್ನೊಂದು ಮಾತು ಹೇಳಿದರು. ಪಾತ್ರೆಗಳೆಲ್ಲವೂ ನಡುಮನೆಯ ರಾಶಿಗೆ ಸೇರಿದಾಗ ಆ ಎರಡು ಲೋಟಗಳೂ ಅದರಲ್ಲಿ ಬೆರೆತುಹೋಗಿದ್ದವು. ಎಲ್ಲವೂ ಒಂದೇ ಬಗೆಯ ಸ್ಟೀಲು. ಯಾವುದು ಯಾವುದೆಂದು ತಿಳಿಯುವಂತಿರಲಿಲ್ಲ. ಅಂಚು ತಗ್ಗಿದ ಗುರುತಿನಿಂದ ಅಂದು ಬೆಳಿಗ್ಗೆ ಆಕೆಗೆ ತಿಳಿಯಿತು: ಮೂರು ದಿವಸಗಳಿಂದ ತಾವು ಕಾಫಿ ಕುಡಿಯುತ್ತಿದ್ದುದು ಅದೇ ಲೋಟದಲ್ಲಿ. "ನನಗೇನೂ ಆಗಲಿಲ್ಲ" ಎಂದರು.

ಇಲ್ಲಿ ಕೆಲವರು ಶಾಸ್ತ್ರದ ಪ್ರಶ್ನೆಯನ್ನು ಎತ್ತಬಹುದು. ಲಿಂಗವಂತನು ಭವಿಯೊಡನೆ ಪಂಕ್ತಿಯಲ್ಲಿ ಕೂಡಬಾರದೆಂಬ ನಿಯಮವಿಲ್ಲವೇ? ಮೇಸ್ತ್ರಿಯು ಲಿಂಗಧಾರಿಯಲ್ಲ, ಅವನಿಗೆ ಬೇರೆ ಲೋಟವಿಟ್ಟುದು ಆಚಾರವೇ ಹೊರತು ತಿರಸ್ಕಾರವಲ್ಲವೆಂದು ವಾದಿಸಬಹುದು. ಈ ವಾದವನ್ನು ಹಗುರವಾಗಿ ತಳ್ಳಿಹಾಕುವುದು ತರವಲ್ಲ, ಪರೀಕ್ಷಿಸಿ ನೋಡಬೇಕು. ಲಿಂಗಧಾರಣೆಯಿಲ್ಲದ ಒಬ್ಬ ದೊಡ್ಡ ಅಧಿಕಾರಿ ಅದೇ ಮನೆಗೆ ಬಂದನೆಂದು ಇಟ್ಟುಕೊಳ್ಳಿ. ಅವನಿಗೆ ನೀರು ಯಾವ ಲೋಟದಲ್ಲಿ ಬರುತ್ತಿತ್ತು? ಹಿಂಬಾಗಿಲ ಗೂಡಿನ ಲೋಟದಲ್ಲಿಯೇ? ಖಂಡಿತವಾಗಿಯೂ ಅಲ್ಲ, ಬೀರುವಿನಲ್ಲಿದ್ದ ಬೆಳ್ಳಿಯ ಲೋಟ ಹೊರಗೆ ಬರುತ್ತಿತ್ತು. ಅವನನ್ನು ಮುಂಬಾಗಿಲಿನಿಂದ ಕರೆತಂದು ಕುರ್ಚಿಯಲ್ಲಿ ಕುಳ್ಳಿರಿಸುತ್ತಿದ್ದರು. ಅವನೂ ಲಿಂಗಧಾರಿಯಲ್ಲ, ಇವನೂ ಅಲ್ಲ. ಹಾಗಾದರೆ ಆ ಗೂಡು ಅಳೆಯುತ್ತಿದ್ದುದು ಏನನ್ನು? ಅದು ಲಿಂಗವನ್ನು ಅಳೆಯಲಿಲ್ಲ. ಜಾತಿಯನ್ನು ಅಳೆಯಿತು, ಐಶ್ವರ್ಯವನ್ನು ಅಳೆಯಿತು. ಆಚಾರದ ಹೆಸರನ್ನು ಹೇಳಿಕೊಂಡು, ಬಸವಣ್ಣನವರು ಯಾವುದನ್ನು ಕಿತ್ತೊಗೆಯಲು ಪ್ರಾಣವನ್ನೇ ಪಣವಾಗಿಟ್ಟರೋ ಅದನ್ನೇ ಗೋಡೆಯಲ್ಲಿ ಕಟ್ಟಿ ಕಾಪಾಡಿದಂತಾಯಿತು. ಶರಣರ ಬಾಯಲ್ಲಿ ಭವಿಯೆಂಬುದು ಜಾತಿವಾಚಕವಾಗಿರಲಿಲ್ಲ, ಸ್ಥಿತಿವಾಚಕವಾಗಿತ್ತು. ಲಿಂಗವನ್ನು ಕಟ್ಟಿಕೊಂಡೂ ನಡತೆಯಲ್ಲಿ ಭವಿಯಾಗಿ ಉಳಿದವರನ್ನು ಅವರು ನಿಷ್ಠುರವಾಗಿ ಖಂಡಿಸಿದರು.

ಶಿವನು ಚೋಳರಾಜನ ಅರಮನೆಯ ನೈವೇದ್ಯವನ್ನು ಬಿಟ್ಟು ಮಾದಾರ ಚೆನ್ನಯ್ಯನ ಅಂಬಲಿಯನ್ನು ಸವಿದನೆಂಬ ಕಥೆಯನ್ನು ಶಿವಭಕ್ತರು ತಲೆಮಾರುಗಳಿಂದ ಕೇಳುತ್ತ ಬಂದಿದ್ದಾರೆ. ಬಸವಣ್ಣನವರು ಅಂತಹ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ತಮ್ಮ ಕುಲದ ಹಿರಿಯರೆಂದು ಹೆಮ್ಮೆಯಿಂದ ಹೇಳಿಕೊಂಡರು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಕಲ್ಯಾಣದಲ್ಲಿ ವಿವಾಹವಾದುದಕ್ಕಾಗಿ ಆ ತಂದೆಯರು ಘೋರವಾದ ಮರಣದಂಡನೆಯನ್ನು ಅನುಭವಿಸಿದರು. ಹೀಗೆ ರಕ್ತವನ್ನು ಕೊಟ್ಟು ಗಳಿಸಿದ ಸಮತೆಯನ್ನು ಮುಂದಿನವರು ಒಂದು ಲೋಟ ನೀರಿನ ಬಳಿ ಕಳೆದುಕೊಂಡರೆ ಅದಕ್ಕಿಂತ ನಷ್ಟ ಬೇರೆ ಯಾವುದು? ಶಿವನು ಉಂಡ ಅಂಬಲಿಯನ್ನು ಕೊಂಡಾಡುವ ಬಾಯಿ, ಆ ಅಂಬಲಿಯನ್ನು ಕಾಯಿಸಿದವನ ವಂಶದವರು ಮುಟ್ಟಿದ ಲೋಟವನ್ನು ಒಲ್ಲೆನೆನ್ನುವುದು ಯಾವ ಭಕ್ತಿ?

ಮೇಷ್ಟರು ಮರುದಿವಸ ಗೂಡನ್ನು ಮುಚ್ಚಲು ಹೇಳಿದರು. ಆದರೆ ಗೂಡನ್ನು ಮುಚ್ಚುವುದು ಅರ್ಧ ಕೆಲಸ ಮಾತ್ರ. ಒಡೆದ ಮನೆಯಲ್ಲಿ ಎಲ್ಲರೂ ಒಂದೇ ಜಗಲಿಯಲ್ಲಿ ಕುಳಿತು ಮುದ್ದೆ, ಸಾರು ಉಣ್ಣುತ್ತಿದ್ದರು. ಬೇರೆ ಸ್ಥಳವೇ ಇರಲಿಲ್ಲ. ಕಷ್ಟವು ಒದಗಿದಾಗ ಸಮಾನತೆ ತಾನಾಗಿಯೇ ಬರುತ್ತದೆ. ಗಣಿಯ ಆಳದಲ್ಲಿ ಸಿಡಿದ ಬಂಡೆ ಯಾರ ಕುಲವನ್ನೂ ಕೇಳಲಿಲ್ಲ. ಪರೀಕ್ಷೆಯಿರುವುದು ಗೋಡೆ ಮತ್ತೆ ಎದ್ದು ನಿಂತು, ಒಳಗು ಹೊರಗು ಎಂಬ ಭೇದಕ್ಕೆ ಅವಕಾಶ ದೊರೆತ ಮೇಲೆ. ಮುರಿದ ಮನೆಯಲ್ಲಿ ನಡೆದುದನ್ನು ಕಟ್ಟಿದ ಮನೆಯಲ್ಲಿ ನಡೆಸುವುದೇ ಆಚಾರ.

ಕೆಲಸ ಮುಗಿದು ಹಾಲುಕ್ಕಿಸುವ ದಿವಸ ಬಂದಿತು. ಜಂಗಮರನ್ನು ಕರೆದರು, ನೆಂಟರನ್ನು ಕರೆದರು. ಮೇಸ್ತ್ರಿಯನ್ನೂ ಕೈಯಾಳುಗಳನ್ನೂ ಅವರವರ ಮನೆಯವರೊಡನೆ ಬರಬೇಕೆಂದು ಪತ್ನಿಯೇ ಹೋಗಿ ಕರೆದು ಬಂದರು. ಎಲೆಗಳನ್ನು ಒಂದೇ ಸಾಲಿನಲ್ಲಿ ಹಾಕಿದರು. ನೆಂಟರಲ್ಲಿ ಹಿರಿಯರಾದ ಒಬ್ಬ ತಾಯಿ, "ನನಗೆ ಹಸಿವಿಲ್ಲಮ್ಮ, ಆಮೇಲೆ ನೋಡೋಣ" ಎಂದು ಎದ್ದು ಒಳಗೆ ಹೋದರು. ಆ ಹಸಿವಿಲ್ಲದಿರುವಿಕೆಯ ಅರ್ಥ ಎಲ್ಲರಿಗೂ ತಿಳಿಯಿತು. ಮೇಸ್ತ್ರಿಗೆ ಎಲ್ಲರಿಗಿಂತ ಮೊದಲೇ ತಿಳಿಯಿತು. ಅವನು ಏಳಲು ಹವಣಿಸಿದನು. ಮೇಷ್ಟರು ಅವನ ಪಕ್ಕದ ಎಲೆಯ ಮುಂದೆ ತಾವು ಕುಳಿತು, "ಕೂತ್ಕೊಳ್ಳಪ್ಪ" ಎಂದರು. ಪತ್ನಿ ಪಾಯಸವನ್ನು ಬಡಿಸುತ್ತ ಬಂದರು. ಹಿರಿಯ ತಾಯಿಯನ್ನು ಯಾರೂ ನಿಂದಿಸಲಿಲ್ಲ. ಆಕೆಯ ಎಲೆಯನ್ನು ಸಾಲಿನಿಂದ ತೆಗೆಯಲೂ ಇಲ್ಲ. ಅದು ಹಾಗೆಯೇ ಕಾದಿತ್ತು.

ಈ ದೃಷ್ಟಾಂತದಲ್ಲಿ ಪವಾಡವೇನೂ ಇಲ್ಲ. ಆ ಹಿರಿಯ ತಾಯಿಯ ಮನಸ್ಸು ಅಂದೇ ಬದಲಾಯಿತೆಂದು ತಿಳಿಯಬೇಕಾದುದಿಲ್ಲ. ಬಂಧುಗಳ ಅಸಮಾಧಾನವನ್ನು ಆ ದಂಪತಿಗಳು ಮುಂದೆಯೂ ಸಹಿಸಬೇಕಾದೀತು. ಧರ್ಮವನ್ನು ಆಚರಿಸುವವನಿಗೆ ಇಷ್ಟೂ ವೆಚ್ಚ ಬೀಳದಿದ್ದರೆ ಅದು ಆಚರಣೆಯಲ್ಲ, ಅಲಂಕಾರ. ಕಡಪದ ಕಲ್ಲಿಗೂ ಸಿಮೆಂಟಿಗೂ ಕೊಟ್ಟ ಹಣದ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡಬಹುದು. ಗೂಡನ್ನು ಮುಚ್ಚಿದುದರ ಬೆಲೆ ಆ ಪುಸ್ತಕದಲ್ಲಿ ಸೇರುವುದಿಲ್ಲ.

ಸದ್ಭಕ್ತರಾದವರು ತಮ್ಮ ತಮ್ಮ ಅಡಿಗೆಯ ಮನೆಯ ಬಾಗಿಲಲ್ಲಿ ಒಂದು ಕ್ಷಣ ನಿಂತು ವಿಚಾರಿಸಬೇಕು. ಈ ಮನೆಯಲ್ಲಿ ದುಡಿಯುವ ಕೈಗಳಿಗೆ ವಿಶ್ರಾಂತಿಯುಂಟೇ? ಈ ಅಟ್ಟದಲ್ಲಿ ಸಾಕೆಂಬ ಮಾತಿಗೆ ಸ್ಥಳವುಂಟೇ? ಈ ಹಿಂಬಾಗಿಲಲ್ಲಿ ಬೇರೆಯ ಲೋಟವೊಂದು ಕಾದಿದೆಯೇ? ಕೆಲವು ಮನೆಗಳಲ್ಲಿ ಗೂಡು ಗೋಡೆಯಲ್ಲಿರುವುದಿಲ್ಲ. ಬಾಯಿಯಲ್ಲಿರುತ್ತದೆ, ನೋಟದಲ್ಲಿರುತ್ತದೆ, ಎಳೆಯ ಮಕ್ಕಳಿಗೆ ಮೆಲ್ಲನೆ ಹೇಳಿಕೊಡುವ ಎಚ್ಚರಿಕೆಯಲ್ಲಿರುತ್ತದೆ. ಅಂತಹ ಗೂಡನ್ನು ಮುಚ್ಚಲು ಮೇಸ್ತ್ರಿ ಬರಲಾರನು. ಮನೆಯ ಯಜಮಾನನೂ ಯಜಮಾನಿಯೂ ತಾವೇ ಕರಣೆಯನ್ನು ಹಿಡಿಯಬೇಕು. ಹಾಗೆ ಮಾಡಿದ ಮನೆಯಲ್ಲಿ ಬೆಂದ ಅಂಬಲಿಯೂ ಪ್ರಸಾದವಾಗುತ್ತದೆ. ಮಾಡದ ಮನೆಯಲ್ಲಿ ಪಂಚಭಕ್ಷ್ಯವೂ ಪದಾರ್ಥವಾಗಿಯೇ ಉಳಿಯುತ್ತದೆ.

ಗುಡಿಯ ಜೀರ್ಣೋದ್ಧಾರಕ್ಕೆ ಧನಿಕರು ಬೇಕು. ಅಡಿಗೆಯ ಮನೆಯ ಈ ಜೀರ್ಣೋದ್ಧಾರಕ್ಕೆ ಮನಸ್ಸೊಂದಿದ್ದರೆ ಸಾಕು. ಅದನ್ನು ಎಲ್ಲ ಗೃಹಸ್ಥರಿಗೂ ಶರಣರ ಕೃಪೆಯು ದಯಪಾಲಿಸಲಿ.